ಭಾವನ ಬಿಸ್ಕತ್ತಿನ ಡಬ್ಬಿ

ಮನೆಯ ರಿಪೇರಿಗೆಂದು ಯಾರೇ ಬರಲಿ, ನನ್ನ ಭಾವ ಬಾಗಿಲಲ್ಲಿ ನಿಂತು ಮೊದಲು ಬಲಗೈ ಚಾಚುತ್ತಾರೆ. ಬಂದವರು, ಎಂಥ ಸಜ್ಜನ ಮನುಷ್ಯ ಎಂದುಕೊಂಡು, ಕೈಕುಲುಕಲು ತಾವೂ ಕೈ ಮುಂದೆ ಮಾಡುತ್ತಾರೆ. ಆಗ ಭಾವ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸಿ, ಮುಖದ ಮಂದಹಾಸವನ್ನು ಒಂದಿಷ್ಟೂ ಕದಲಿಸದೆ, "ಫೋನು" ಎನ್ನುತ್ತಾರೆ. ನಲ್ಲಿಯವರಾಗಲಿ, ಬಡಗಿಯಾಗಲಿ, ಬಣ್ಣ ಬಳಿಯುವವರಾಗಲಿ, ಚಪ್ಪಲಿ ಬಿಟ್ಟ ಹಾಗೆ ಫೋನನ್ನೂ ಬಾಗಿಲಲ್ಲೇ ಬಿಟ್ಟು ಒಳಗೆ ಬರಬೇಕು. ಅದಕ್ಕೆಂದೇ ಚಪ್ಪಲಿಗೂಡಿನ ಮೇಲೆ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದು ಕುಳಿತಿದೆ. ಅದರ ಮುಚ್ಚಳ ಬಲು ಬಿಗಿ. ಒಳಗೆ ಹೋದ ಫೋನು ರಿಂಗಾದರೆ, ಸಿಕ್ಕಿಹಾಕಿಕೊಂಡ ಜೀರುಂಡೆಯ ಹಾಗೆ ಗುಂಯ್‌ಗುಟ್ಟಿ, ಯಾರೂ ಗಮನ ಕೊಡದಿದ್ದಾಗ ತಾನಾಗಿ ಸುಮ್ಮನಾಗುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಬಲು ಎತ್ತರದ ಆಳು. ಬಾಗಿಲು ಕಂಡಲ್ಲೆಲ್ಲ, ಅದೆಷ್ಟೇ ಎತ್ತರವಿರಲಿ, ಅಭ್ಯಾಸಬಲದಿಂದ ತಲೆ ತಗ್ಗಿಸಿಯೇ ದಾಟುತ್ತಾರೆ. ಅಕ್ಕ ಅವರ ಕೋಟಿನ ಎರಡನೆಯ ಗುಂಡಿಗೆ ಸಮ. ಮದುವೆಯ ಫೋಟೋ ತೆಗೆಸುವಾಗ ಫೋಟೋದವನು ಅವಳನ್ನು ಒಂದು ಮಣೆಯ ಮೇಲೆ ಹತ್ತಿಸಿ ನಿಲ್ಲಿಸಿದ್ದ. ಆ ಮಣೆಯ ಸುದ್ದಿಯನ್ನು ಯಾರೂ ಎತ್ತಕೂಡದೆಂದು ಅವಳ ಕಟ್ಟಪ್ಪಣೆ, ಎತ್ತದೆ ಇರಲಾರದಿರುವುದು ನಮ್ಮೆಲ್ಲರ ಸ್ವಭಾವ. ಭಾವ ಇಡೀ ಸೇವಾವಧಿಯನ್ನು ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕಳೆದವರು. ಹಳಿ ಬದಲಿಸುವ ಉದ್ದುದ್ದ ಕಬ್ಬಿಣದ ಲಿವರುಗಳನ್ನು ಎಳೆದೆಳೆದು ಅವರ ಭುಜಗಳಿಗೆ ಈಗಲೂ ಒಂದು ದಾರ್ಢ್ಯವಿದೆ. ಹಳಿಯ ಪಕ್ಕದಲ್ಲೇ ಕೆಲಸಕ್ಕೆ ಹೋಗಿಬಂದು ನಡಿಗೆಯೂ ಹಾಗೆಯೇ ಆಗಿಬಿಟ್ಟಿದೆ: ಪ್ರತಿ ಹೆಜ್ಜೆಯೂ ಹಳಿಯಡಿಯ ಮರದ ದಿಮ್ಮಿಯ ಮೇಲೇ ಬೀಳಬೇಕೆಂಬಂತೆ ಸಮ ಅಂತರದಲ್ಲಿ ಇಡುತ್ತಾ, ನಡುಮನೆಯಿಂದ ಅಡುಗೆಮನೆಗೆ ಹೋಗುವುದನ್ನೂ ಒಂದು ಪ್ರಯಾಣವನ್ನಾಗಿ ಮಾಡಿಬಿಡುತ್ತಾರೆ.

ಅವರು ನಿವೃತ್ತರಾದರೂ ಅವರ ಕಡುನೀಲಿ ಕೋಟು ನಿವೃತ್ತವಾಗಲಿಲ್ಲ. ಮನೆಯಲ್ಲಿ ಏನಾದರೂ ಕೆಟ್ಟಿತೆಂದರೆ ಮೊಳೆಯ ಮೇಲಿನಿಂದ ಅದು ಇಳಿಯುತ್ತದೆ. ಅದರ ಜೇಬುಗಳಲ್ಲಿ ಸ್ಕ್ರೂಗಳು, ರಬ್ಬರ್ ವಾಷರ್‌ಗಳು, ಮೊಂಡಾದ ಪೆನ್ಸಿಲ್ಲು, ಅಳತೆಯ ಟೇಪು, ಯಾವ ಬೀಗಕ್ಕೂ ಸೇರದ ಬೀಗದಕೈಗಳು. ತೊಟ್ಟು ನಡೆದರೆ ಝಣಝಣ ಸದ್ದು. ಆ ಸದ್ದು ಕೇಳಿದ ಕೂಡಲೇ ಅಕ್ಕ ಒಲೆಯ ಮುಂದಿನಿಂದಲೇ, "ಬಂತಪ್ಪ ಗೂಡ್ಸ್ ಗಾಡಿ, ಇವತ್ತು ಯಾವುದಕ್ಕೆ ಕಾದಿದೆಯೋ ಗ್ರಹಚಾರ" ಎನ್ನುವಳು.

ಫೋನಿನ ಬಗ್ಗೆ ಅವರಿಗಿರುವ ಶಾಸ್ತ್ರವೂ ಆ ಕ್ಯಾಬಿನ್ನಿನಿಂದಲೇ ಬಂದದ್ದು. ಅಲ್ಲಿಯ ಗೋಡೆಯಲ್ಲಿ ಒಂದು ಕರಿಯ ಫೋನಿತ್ತು. ಅದು ಪಕ್ಕದ ಕ್ಯಾಬಿನ್ನಿನ ಜೊತೆ ಮಾತ್ರ ಮಾತಾಡುತ್ತಿತ್ತು, ಅದೂ ಗಾಡಿಗಳ ವಿಷಯ ಮಾತ್ರ. ಗಾಡಿ ಹೊರಟಿತು ಎಂದು ಅತ್ತಲಿನವರು ಹೇಳಿದರೆ, ಗಾಡಿ ಹೊರಟಿತು ಎಂದು ಇತ್ತಲಿನವರು ತಿರುಗಿ ಹೇಳಬೇಕು. ಹಾಗೆ ತಿರುಗಿ ಹೇಳದ ಮಾತು ಹೇಳಿದ ಲೆಕ್ಕಕ್ಕೇ ಬಾರದು. ನೂರಾರು ಜನರ ಪ್ರಾಣ ಆ ಎರಡು ಮಾತಿನ ಮೇಲೆ ನಿಂತಿರುತ್ತಿತ್ತಾದ್ದರಿಂದ, ಫೋನಿನಲ್ಲಿ ಮೂರನೆಯ ಮಾತು ಎಂಬುದೊಂದಿದೆ ಎಂದೇ ಭಾವನಿಗೆ ಬಹುಕಾಲ ಗೊತ್ತಿರಲಿಲ್ಲ. ಈಗ ಕೋಟಿನ ಒಳಜೇಬಿನಲ್ಲಿ ಗುಂಡಿಯೊತ್ತುವ ಪುಟ್ಟ ಮೊಬೈಲೊಂದಿದೆ, ಆದರೆ ಪದ್ಧತಿ ಹಳೆಯದೇ. ನಾನು ಫೋನು ಮಾಡಿ, "ಭಾವ, ನಾಳೆ ಬರ್ತೀನಿ" ಎಂದರೆ, "ನಾಳೆ ಬರ್ತೀಯ. ಸರಿ. ಬರೋವಾಗ ಅರ್ಧ ಇಂಚಿನ ವಾಷರ್ ತಾ. ತಿರುಗಿ ಹೇಳು" ಎನ್ನುತ್ತಾರೆ. ಅರ್ಧ ಇಂಚಿನ ವಾಷರ್ ಎಂದು ನಾನು ಪಾಠ ಒಪ್ಪಿಸಿದೊಡನೆ ಫೋನು ಕಟ್.

ಒಮ್ಮೆ ಅಕ್ಕ ನಮ್ಮ ಮನೆಗೆ ಬಂದು ಕೆಲವು ದಿನ ಉಳಿದಿದ್ದಳು. ನಾವೆಲ್ಲ ಊಟಕ್ಕೆ ಕುಳಿತಿದ್ದಾಗ ಭಾವನ ಫೋನು ಬಂತು. ಅಕ್ಕ ಕಿವಿಗಿಟ್ಟುಕೊಂಡು ಕೇಳಿದಳು, ಕೇಳಿ ನಮ್ಮ ಮುಖಗಳನ್ನೆಲ್ಲ ಒಮ್ಮೆ ನೋಡಿದಳು, "ಆಮೇಲೆ ಹೇಳ್ತೀನಿ" ಎಂದಳು. ಆ ಕಡೆ ಬಿಡಲಿಲ್ಲವೆಂದು ಕಾಣುತ್ತದೆ. ಕೊನೆಗೆ ತಟ್ಟೆಯನ್ನೇ ದಿಟ್ಟಿಸುತ್ತಾ, ಕಿವಿಯ ತುದಿಯವರೆಗೆ ಕೆಂಪಾಗಿ, "ನೀನಿಲ್ದೆ ಮನೆ ಬಿಕೋ ಅಂತಿದೆ" ಎಂದು ತಿರುಗಿ ಹೇಳಿದಳು. ಅಂಥ ಮಾತನ್ನು ಎದುರಿಗೆ ನಿಂತು ಹೇಳಲು ಭಾವನಿಗೆ ಬಾಯಿ ಬರುವುದಿಲ್ಲ. ಫೋನಿನಲ್ಲಿ ಹೇಳಿದರು, ತಲುಪಿತೇ ಎಂದು ಖಾತ್ರಿಯನ್ನೂ ಮಾಡಿಕೊಂಡರು.

ಇಷ್ಟು ಕಟ್ಟುನಿಟ್ಟಿನ ಮನುಷ್ಯನಿಗೂ ಫೋನಿನಲ್ಲಿ ಒಂದು ದೌರ್ಬಲ್ಯವಿದೆ: ಅವರು ಕೈಯಿಂದಲೂ ಮಾತಾಡುತ್ತಾರೆ. ದಾರಿ ಹೇಳುವಾಗ ಕಿಟಕಿಯತ್ತ ಬೆರಳು ತೋರಿಸಿ, "ಅಲ್ಲಿಂದ ಹೀಗೆ ತಿರುಗಿ" ಎನ್ನುವರು. ಪೈಪಿನ ದಪ್ಪವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, "ಇಷ್ಟಿರ್ಬೇಕು, ಇಷ್ಟು" ಎಂದು ಅಂಗಡಿಯವರಿಗೆ ಗಾಳಿಯಲ್ಲಿ ತೋರಿಸುವರು. "ಅವರಿಗೆ ಕಾಣಿಸಲ್ಲ ಕಣ್ರೀ" ಎಂದು ಅಕ್ಕ ಹೇಳಿ ಹೇಳಿ ಸೋತಿದ್ದಾಳೆ. ಕ್ಯಾಬಿನ್ನಿನಲ್ಲಿ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಲಿವರು ಹಿಡಿಯುತ್ತಿದ್ದವರಿಗೆ, ಈಗ ಲಿವರಿಲ್ಲದೆ ಆ ಕೈ ಅನಾಥವಾಗಿದೆ ಎಂಬುದು ನನ್ನ ಊಹೆ.

ಡಬ್ಬಿ ಬಂದದ್ದು ಒಬ್ಬ ಬಡಗಿಯ ದೆಸೆಯಿಂದ. ಬಚ್ಚಲುಮನೆಯ ಬಾಗಿಲಿಗೆ ಹೊಸ ಚಿಲಕ ಹಾಕಲು ಬಂದಿದ್ದ ಆತ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಯಾರದೋ ಮನೆಯ ಮಂಚದ ಕಾಲಿನ ಬಗ್ಗೆ ಅಷ್ಟೂ ಹೊತ್ತು ವಾದ ಮಾಡುತ್ತಲೇ ಕೆಲಸ ಮುಗಿಸಿ ಹೋದ. ಭಾವ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲು ನೋಡಿದರೆ ಚಿಲಕವೇ ಇಲ್ಲ. ಹುಡುಕಿದರೆ ಅದು ಬಾಗಿಲಿನ ಹೊರಮೈಯಲ್ಲಿ, ಬಹಳ ನಾಜೂಕಾಗಿ, ಒಂದು ಕೂದಲಿನಷ್ಟೂ ಓರೆಯಾಗದಂತೆ ಕೂತಿತ್ತು. ಮಂಚದ ಕಾಲಿನವರಿಗೆ ಏನಾಯಿತೋ ತಿಳಿಯದು. ಭಾವ ತಾವೇ ಇನ್ನೊಂದು ಚಿಲಕ ತಂದು ಒಳಗೆ ಹಾಕಿದರು. ಅದು ಸ್ವಲ್ಪ ಓರೆಯಾಯಿತು. ಹೀಗಾಗಿ ಆ ಬಾಗಿಲಿಗೆ ಹೊರಗೊಂದು ಒಳಗೊಂದು ಚಿಲಕ. ಹೊಸದಾಗಿ ಬಂದ ನೆಂಟರಿಗೆ ಅದನ್ನು ಕಂಡರೆ ಒಳಗೆ ಹೋಗಲು ಧೈರ್ಯ ಸಾಲದು. ಮಾರನೆಯ ದಿನವೇ ಬಿಸ್ಕತ್ತಿನ ಡಬ್ಬಿಯನ್ನು ಖಾಲಿ ಮಾಡಿಸಲಾಯಿತು. "ಕೈ ಒಂದು ಕಡೆ ಕಿವಿ ಇನ್ನೊಂದು ಕಡೆ ಇದ್ರೆ ಏನು ಕೆಲಸ ಆಗುತ್ತೆ? ನಾನು ಹಾಗೆ ಮಾಡಿದ್ದಿದ್ರೆ ಎಷ್ಟು ಗಾಡಿ ಎಲ್ಲೆಲ್ಲಿ ಹೋಗಿ ಬೀಳ್ತಿದ್ವು?" ಎಂಬ ಅವರ ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ.

ಆದರೆ ಕೆಲಸಗಾರರ ಹತ್ತಿರ ಉತ್ತರವಿತ್ತು. ಅವರು ಬರುವುದನ್ನೇ ನಿಲ್ಲಿಸಿದರು. "ಡಬ್ಬಿ ಮನೆ" ಎಂದು ಸುತ್ತಲಿನ ಬೀದಿಗಳಲ್ಲೆಲ್ಲ ಹೆಸರಾಗಿಹೋಗಿತ್ತು. ವಿಳಾಸ ಹೇಳಿದೊಡನೆ ಅತ್ತಲಿನ ದನಿ, "ಹತ್ತೇ ನಿಮಿಷ ಸಾರ್, ದಾರೀಲೇ ಇದೀನಿ" ಎನ್ನುತ್ತಿತ್ತು. ಆ ಹತ್ತು ನಿಮಿಷ ಇಂದಿಗೂ ಮುಗಿದಿಲ್ಲ. ಮನೆ ತನ್ನ ಪಾಡಿಗೆ ತಾನು ಹಾಳಾಗುತ್ತಾ ಬಂತು. ನಡುಮನೆಯ ಸ್ವಿಚ್ಚು ಒತ್ತಿದರೆ ವರಾಂಡದ ದೀಪ ಹತ್ತುತ್ತಿತ್ತು. ಅಡುಗೆಮನೆಯ ಕಿಟಕಿಯನ್ನು ಮುಚ್ಚಬೇಕಾದರೆ ಮೊದಲು ಎತ್ತಿ, ಆಮೇಲೆ ಬೈದು, ಆಮೇಲೆ ತಳ್ಳಬೇಕು. ಬಚ್ಚಲುಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ ಮತ್ತೆ ಕಾಲುಭಾಗ ಹಿಂದಕ್ಕೆ ತಂದರೆ ಮಾತ್ರ ತೊಟ್ಟಿಕ್ಕುವುದು ನಿಲ್ಲುತ್ತಿತ್ತು, ಅದೂ ಅದರ ಮನಸ್ಸು ಸರಿಯಿದ್ದರೆ. ಭಾವ ಕೋಟು ತೊಟ್ಟು ಒಂದೊಂದನ್ನೂ ಬಿಚ್ಚಿ ನೋಡುವರು, ಬಿಚ್ಚಿದ್ದನ್ನು ಮತ್ತೆ ಜೋಡಿಸುವರು. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿದರೆ, "ಇದು ಮೊದಲಿಂದ್ಲೂ ಹೆಚ್ಚಿಗೇನೇ ಇತ್ತು" ಎಂದು ಜೇಬಿಗೆ ಹಾಕಿಕೊಳ್ಳುವರು. ಅಕ್ಕ ಎಲ್ಲದಕ್ಕೂ ಹೊಂದಿಕೊಂಡಿದ್ದಳು.

ಆ ನಲ್ಲಿಯೇ ಒಂದು ದಿನ ಅವಳನ್ನು ಕೆಡವಿತು. ತೊಟ್ಟಿಕ್ಕಿದ ನೀರು ನೆಲದಲ್ಲಿ ಹರಡಿತ್ತು. ಅಕ್ಕ ಜಾರಿ ಬಿದ್ದಳು, ಸೊಂಟದ ಕೀಲು ಮುರಿಯಿತು. ಆಸ್ಪತ್ರೆ, ಶಸ್ತ್ರಚಿಕಿತ್ಸೆ, ಒಂದು ಹೆಜ್ಜೆ, ಎರಡು ಹೆಜ್ಜೆ ಎಂದು ಮಗುವಿನಂತೆ ನಡಿಗೆ ಕಲಿಯುವುದು, ಎಲ್ಲವೂ ಸಾಂಗವಾಗಿ ನಡೆಯಿತು. ಮನೆಗೆ ಕಳಿಸುವ ಮುಂಚೆ ಡಾಕ್ಟರು ಭಾವನನ್ನು ಕರೆದು, ಬಚ್ಚಲುಮನೆಯ ಗೋಡೆಗೆ ಗಟ್ಟಿಯಾದ ಹಿಡಿಕೆಯೊಂದನ್ನು ಹಾಕಿಸಲೇಬೇಕು, ಇನ್ನೊಂದು ಸಲ ಬಿದ್ದರೆ ಅವರು ಎದ್ದು ಓಡಾಡುವ ಭರವಸೆ ಕೊಡಲಾರೆ ಎಂದರು. ಭಾವ ಕೈಕಟ್ಟಿ ನಿಂತು, "ಗಟ್ಟಿಯಾದ ಹಿಡಿಕೆ. ಬಚ್ಚಲುಮನೆ ಗೋಡೆಗೆ" ಎಂದು ತಿರುಗಿ ಹೇಳಿದರು. ಹೊರಗೆ ಬಂದ ಮೇಲೆ ಬೆಂಚಿನ ಮೇಲೆ ಕುಳಿತು ನನಗೆ, "ಆ ನಲ್ಲಿ ರಿಪೇರಿ ಆಗಿದ್ದಿದ್ರೆ ಇವಳು ಬೀಳ್ತಿರಲಿಲ್ಲ ಕಣೋ" ಎಂದರು. ನಾನು ಏನೋ ಸಮಾಧಾನ ಹೇಳಿದೆ. ಅವರಿಗೆ ಅದು ಬೇಕಿರಲಿಲ್ಲ.

ಮೊದಲು ತಾವೇ ಪ್ರಯತ್ನಿಸಿದರು. ಸ್ಟೀಲಿನ ಕಂಬಿಯೊಂದನ್ನು ಕೊಂಡುತಂದು, ಪಕ್ಕದ ಮನೆಯಿಂದ ಡ್ರಿಲ್ಲು ಎರವಲು ತಂದು, ಗೋಡೆಗೆ ತೂತು ಕೊರೆದು, ಬಿಗಿದು, ಪರೀಕ್ಷಿಸಲೆಂದು ಎರಡೂ ಕೈಯಿಂದ ಹಿಡಿದು ಜೋತುಬಿದ್ದರು. ಹಳೆಯ ಗೋಡೆ. ಕಂಬಿ, ಸ್ಕ್ರೂ, ಒಂದಷ್ಟು ಗಾರೆ, ಒಡೆದ ಟೈಲಿನ ಚೂರು, ಎಲ್ಲವೂ ಒಟ್ಟಿಗೆ ಅವರ ಕೈಗೆ ಬಂದವು. ನಾನು ಸದ್ದು ಕೇಳಿ ಓಡಿಹೋದಾಗ, ಭಾವ ಕಂಬಿಯನ್ನು ಹಿಡಿದುಕೊಂಡೇ ನೆಲದ ಮೇಲೆ ಕುಳಿತಿದ್ದರು. ಕೋಟಿನ ತುಂಬ ಸುಣ್ಣದ ಧೂಳು. "ನಾನು ಹಿಡ್ಕೊಂಡಿದ್ದಕ್ಕೆ ಆಯ್ತು. ಅವಳು ಹಿಡ್ಕೊಂಡಿದ್ದಿದ್ರೆ?" ಎಂದರು. ಆವತ್ತಿನಷ್ಟು ಮುದುಕರಾಗಿ ಅವರು ನನಗೆ ಎಂದೂ ಕಂಡಿರಲಿಲ್ಲ. ಅಕ್ಕ ಬರುವುದಕ್ಕೆ ಇನ್ನು ಎರಡೇ ದಿನವಿತ್ತು.

ನಾನು ಅಲ್ಲಿ ಇಲ್ಲಿ ವಿಚಾರಿಸಿ ಒಬ್ಬ ಮೇಸ್ತ್ರಿಯನ್ನು ಒಪ್ಪಿಸಿ ಕರೆತಂದೆ. ಡಬ್ಬಿಯ ಕತೆ ಅವರಿಗೆ ತಿಳಿದಿರಲಿಲ್ಲ. ನಾನೂ ಹೇಳಲು ಹೋಗಲಿಲ್ಲ. ಗಿಡ್ಡ ಮೈಕಟ್ಟಿನ, ಹುಬ್ಬಿನ ಮೇಲೂ ಸಿಮೆಂಟಿನ ಪುಡಿ ಕುಳಿತಿದ್ದ ಮನುಷ್ಯ. ಭಾವ ಎಂದಿನಂತೆ ಕೈ ಚಾಚಿ ಅಂಗೈ ತಿರುಗಿಸಿದರು. ಮೇಸ್ತ್ರಿ ಡಬ್ಬಿಯನ್ನು ನೋಡಿದರು, ಭಾವನನ್ನು ನೋಡಿದರು, ಅಂಗಿಯ ಜೇಬನ್ನು ಕೈಯಿಂದ ಮುಚ್ಚಿಕೊಂಡರು.

"ಕೊಡಲ್ಲ ಸಾರ್. ಮಗಳನ್ನ ಹೆರಿಗೆಗೆ ಸೇರಿಸಿದೀವಿ. ಮನೆಯವಳು ಅಲ್ಲೇ ಇದಾಳೆ. ಯಾವಾಗ ಫೋನ್ ಬರುತ್ತೋ ಗೊತ್ತಿಲ್ಲ. ಬೇಡ ಅಂದ್ರೆ ಹೋಗ್ತೀನಿ."

ಭಾವನ ಕೈ ಚಾಚಿದ್ದು ಚಾಚಿದಂತೆಯೇ ನಿಂತಿತು. ಒಂದು ಕಡೆ ಅಷ್ಟು ವರ್ಷ ಕಾಪಾಡಿಕೊಂಡು ಬಂದ ಕಟ್ಟಳೆ, ಇನ್ನೊಂದು ಕಡೆ ಆ ಒಡೆದ ಗೋಡೆ. ಅವರು ತಲೆ ಕೆರೆದುಕೊಂಡರು, ಕೋಟಿನ ಗುಂಡಿ ಹಾಕಿ ಬಿಚ್ಚಿದರು. ಕೊನೆಗೆ ನನ್ನ ಜನ್ಮದಲ್ಲಿ ನಾನು ಅವರ ಬಾಯಿಂದ ಕೇಳುತ್ತೇನೆಂದು ಎಣಿಸಿರದ ಮಾತು ಬಂತು. "ಡಬ್ಬಿಗೆ ಬೇಡ. ನನ್ನ ಕೈಲಿ ಕೊಡಿ. ನಾನು ಹಿಡ್ಕೊಂಡಿರ್ತೀನಿ. ಯಾರು ಮಾಡಿದ್ರೂ ಎತ್ತಿ, ಹೇಳಿದ್ದನ್ನ ಹೇಳಿದ ಹಾಗೇ ನಿಮಗೆ ಮುಟ್ಟಿಸ್ತೀನಿ. ನೀವು ಗೋಡೆ ನೋಡ್ಕೊಳ್ಳಿ."

ಮೇಸ್ತ್ರಿ ಒಪ್ಪಿದರು. ಭಾವ ಬಚ್ಚಲುಮನೆಯ ಬಾಗಿಲಲ್ಲಿ, ಎರಡು ಚಿಲಕಗಳ ನಡುವೆ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಸೆಟೆದು ನಿಂತರು. ಮೇಸ್ತ್ರಿಯ ಅಗಲವಾದ ಫೋನು ಅವರ ಅಂಗೈಯಲ್ಲಿ ತಟ್ಟೆಯ ಹಾಗೆ ಕುಳಿತಿತ್ತು. ಅದನ್ನು ಎತ್ತುವುದು ಹೇಗೆಂದು ನಾನು ಹೇಳಿಕೊಡಬೇಕಾಯಿತು. ಮೇಸ್ತ್ರಿ ಹಳೆಯ ಗಾರೆ ಕೆದಕಿ ಗಟ್ಟಿ ಇಟ್ಟಿಗೆ ಸಿಕ್ಕುವವರೆಗೆ ಕೊರೆಯತೊಡಗಿದರು. ಅಷ್ಟರಲ್ಲಿ ಫೋನು ರಿಂಗಾಯಿತು.

"ಮೇಸ್ತ್ರಿಗಳು ಕೆಲಸದಲ್ಲಿದಾರೆ. ವಿಷಯ ಹೇಳಿ... ಮರಳು ನಾಳೆ ಬರಲ್ಲ. ನಾಡಿದ್ದು ಬರುತ್ತೆ. ಸರಿ." ಒಳಗೆ ತಿರುಗಿ, "ಮರಳು ನಾಳೆ ಬರಲ್ಲ, ನಾಡಿದ್ದು" ಎಂದರು. "ನಾಡಿದ್ದೇ?" ಎಂದು ಒಳಗಿನಿಂದ ನಿಟ್ಟುಸಿರು ಬಂತು. ಮತ್ತೆ ರಿಂಗಾಯಿತು: ಯಾರದೋ ಮನೆಯ ನೀರಿನ ತೊಟ್ಟಿ ಸೋರುತ್ತಿದೆ. ಮತ್ತೆ: ಯಾರದೋ ಮೆಟ್ಟಿಲು ಬಿರುಕು ಬಿಟ್ಟಿದೆ, ಬರುತ್ತೇನೆಂದವರು ಯಾಕೆ ಬರಲಿಲ್ಲ? ಅದಕ್ಕೆ ಭಾವ, "ಇನ್ನೊಬ್ಬರ ಮನೇಲಿ ಒಬ್ಬರು ಬೀಳೋ ಹಾಗಿದಾರೆ, ಅದಕ್ಕೇ ಬಂದಿಲ್ಲ" ಎಂದು ಖಡಾಖಂಡಿತವಾಗಿ ಹೇಳಿದರು. ಒಂದೊಂದು ಕರೆಗೂ ಅವರ ಬೆನ್ನು ಇನ್ನಷ್ಟು ನೆಟ್ಟಗಾಗುತ್ತಿತ್ತು. ಹತ್ತು ನಿಮಿಷದಲ್ಲಿ ಬರುತ್ತೇನೆಂದು ಹೇಳಿ ಬಾರದಿರುವವರು ಎಷ್ಟು ಮನೆಗಳ ನಡುವೆ ಸಿಕ್ಕಿಕೊಂಡಿರುತ್ತಾರೆ ಎಂಬುದು ಅವರಿಗೆ ಆ ದಿನ ಮೊದಲ ಬಾರಿಗೆ ಕಿವಿಯಾರೆ ಕೇಳಿಸಿತು. ನಡುವೆ ಒಮ್ಮೆ ನನ್ನ ಕಡೆ ತಿರುಗಿ, "ಪಾಪ ಕಣೋ, ಈ ಮನುಷ್ಯನಿಗೆ ಉಸಿರಾಡೋಕೂ ಬಿಡಲ್ವಲ್ಲ ಜನ" ಎಂದರು. ಡಬ್ಬಿಯ ಒಡೆಯರ ಬಾಯಲ್ಲಿ ಇಂಥ ಮಾತು!

ಆಮೇಲೆ ಬಂದದ್ದು ಒಬ್ಬ ಹಳೆಯ ಗಿರಾಕಿಯ ಕರೆ. ಮನೆಯ ಮುಂದೆ ಕಾಂಪೌಂಡ್ ಗೋಡೆ ಎಷ್ಟು ಎತ್ತರ ಕಟ್ಟಿಸಬಹುದು ಎಂದು ಆತನಿಗೆ ಚಿಂತೆ. ಇಷ್ಟರಲ್ಲಿ ಭಾವನಿಗೆ ಮೇಸ್ತ್ರಿತನವೇ ಮೈಮೇಲೆ ಬಂದಿತ್ತು. ವಿಷಯವನ್ನು ಒಳಗೆ ಮುಟ್ಟಿಸುವ ಬದಲು ತಾವೇ ಸಲಹೆ ಕೊಡಲು ನಿಂತರು. ಅದೇ ಗಳಿಗೆಗೆ ಮೇಸ್ತ್ರಿ ಕಂಬಿಯನ್ನು ಗೋಡೆಗೆ ಆನಿಸಿ ಹಿಡಿದು, "ಸಾರ್, ಎತ್ತರ ಎಷ್ಟಿರ್ಲಿ?" ಎಂದರು. ಭಾವ ಫೋನಿಗೆ, "ಎದುರಿಗೆ ಹೋಗೋರ ಮುಖ ಕಾಣ್ಬೇಕು, ನೆರೆಹೊರೆ ಅಂದ್ಮೇಲೆ" ಎನ್ನುತ್ತಾ, ಅಂಗೈಯನ್ನು ತಮ್ಮ ಸೊಂಟದ ಸಮಕ್ಕೆ ಚಪ್ಪಟೆಯಾಗಿ ಹಿಡಿದು, "ಇಷ್ಟಿದ್ರೆ ಸಾಕು" ಎಂದರು. ಮೇಸ್ತ್ರಿ ಗೋಡೆಯ ಮೇಲೆ ಗುರುತು ಹಾಕಿ, "ಇಷ್ಟೇನಾ?" ಎಂದರು. "ಹೌದ್ರೀ, ಅಷ್ಟೇ. ಅದಕ್ಕಿಂತ ಕಮ್ಮಿ ಬೇಡ" ಎಂದು ಭಾವ ಗಿರಾಕಿಗೆ ಹೇಳಿದರು. ಅಲ್ಲೇ ಇದ್ದ ನನಗೂ ಅದು ಮೇಸ್ತ್ರಿಗೆ ಕೊಟ್ಟ ಉತ್ತರವೆಂದೇ ತೋರಿತು. ಡ್ರಿಲ್ಲು ಗರ್ಜಿಸಿತು.

ಸಿಮೆಂಟು ಮೆತ್ತಿ ಮುಗಿಯುವ ಹೊತ್ತಿಗೆ ಕಾಯುತ್ತಿದ್ದ ಕರೆ ಬಂತು. ಅತ್ತ ಮೇಸ್ತ್ರಿಯ ಹೆಂಡತಿ. ಅಪರಿಚಿತ ದನಿ ಕೇಳಿ ಗಾಬರಿಯಾದರು. "ಗಾಬರಿ ಬೇಡಮ್ಮ, ಅವರು ಇಲ್ಲೇ ಇದಾರೆ, ಕೈಯೆಲ್ಲ ಸಿಮೆಂಟು. ಹೇಳಿ." ಭಾವ ಕೇಳಿಸಿಕೊಂಡರು. "ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದಾರೆ. ಸರೀನಾ? ಇನ್ನೊಂದ್ಸಲ ಹೇಳಿಬಿಡಿ ತಾಯಿ, ಅವರೂ ಕೇಳಿಸ್ಕೊಳ್ಳಲಿ" ಎಂದು ಫೋನನ್ನು ಮೇಸ್ತ್ರಿಯ ಕಿವಿಗೆ ತಾವೇ ಹಿಡಿದರು. ಮೇಸ್ತ್ರಿ ಕೈಯೆತ್ತಲಾರದೆ, ಕಣ್ಣೊರೆಸಿಕೊಳ್ಳಲಾರದೆ, ಕರಣೆ ಹಿಡಿದುಕೊಂಡೇ ನಕ್ಕರು. ಭಾವ ತಮ್ಮ ಕೋಟಿನ ತೋಳಿನಿಂದ ಅವರ ಕಣ್ಣೊರೆಸಿದರು. ಅದರಿಂದ ಸುಣ್ಣದ ಧೂಳು ಕಣ್ಣಿಗೆ ಹೋಗಿ ಮೇಸ್ತ್ರಿ ಇನ್ನಷ್ಟು ಕಣ್ಣೀರು ಸುರಿಸಬೇಕಾಯಿತು, ಅದು ಬೇರೆ ಮಾತು.

ಅಕ್ಕ ಮನೆಗೆ ಬಂದಳು. ಭಾವ ಅವಳನ್ನು ಕೂರಲೂ ಬಿಡದೆ, ತೋಳು ಹಿಡಿದು ಬಚ್ಚಲುಮನೆಗೆ ಕರೆದೊಯ್ದರು. ಕಂಬಿ ಥಳಥಳಿಸುತ್ತಿತ್ತು. "ಹಿಡ್ಕೊ. ಆನೆ ಜಗ್ಗಿದ್ರೂ ಬರಲ್ಲ" ಎಂದರು. ಅಕ್ಕ ಕೈ ಮುಂದೆ ಚಾಚಿದಳು, ಸಿಗಲಿಲ್ಲ. ಕೈ ಎತ್ತಿದಳು. ಎದೆಯನ್ನೂ ದಾಟಿ ಎತ್ತಿ, ಕಂಬಿಯನ್ನು ಹಿಡಿದು, ಹಾಗೆಯೇ ನೇತಾಡಿಕೊಂಡಂತೆ ನಿಂತು ಗಂಡನ ಕಡೆ ತಿರುಗಿದಳು.

"ರೀ, ಇದೇನು ಬಸ್ಸಾ? ಟಿಕೆಟ್ಟೂ ನೀವೇ ಕೊಡ್ತೀರಾ?"

ಭಾವ ಕಂಬಿಯನ್ನು ನೋಡಿದರು, ತಮ್ಮ ಅಂಗೈಯನ್ನು ನೋಡಿಕೊಂಡರು, ಆ ಅಂಗೈಯನ್ನು ನಿಧಾನವಾಗಿ ಸೊಂಟದ ಸಮಕ್ಕೆ ಹಿಡಿದು ನೋಡಿದರು. ಎಲ್ಲವೂ ಹೊಳೆಯಿತು. "ಕಾಂಪೌಂಡ್ ಗೋಡೆ" ಎಂದಷ್ಟೇ ಹೇಳಿ ಅಲ್ಲೇ ಕುಸಿದು ಕುಳಿತರು. ನಾನು ಅಕ್ಕನಿಗೆ ನಡೆದದ್ದನ್ನೆಲ್ಲ ವಿವರಿಸಿದೆ. ಅವಳು ನಗತೊಡಗಿದಳು, ನಗು ಹೆಚ್ಚಾಗಿ ಹೊಸ ಕೀಲು ನೋಯತೊಡಗಿತು, ನೋವಾದರೂ ನಗು ನಿಲ್ಲಲಿಲ್ಲ. "ಫೋನಲ್ಲಿ ಮಾತಾಡ್ತಾ ಕೆಲಸ ಕೆಡಿಸಿದ್ದು ಯಾರು ಹಾಗಾದ್ರೆ? ಯಾರನ್ನ ಡಬ್ಬಿಗೆ ಹಾಕ್ಬೇಕು ಈಗ?" ಎಂದು ಕೇಳಿದಳು. ಭಾವ ಎದ್ದು, ಕೋಟು ಬಿಚ್ಚಿ ಮೊಳೆಗೆ ಹಾಕಿ, ತಮ್ಮ ಪುಟ್ಟ ಫೋನನ್ನು ತೆಗೆದು ನಿಜವಾಗಿಯೂ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದರು. ಮತ್ತೆ ಸ್ವಲ್ಪ ಹೊತ್ತಿಗೆ ತೆಗೆಯಬೇಕಾಯಿತು, ಮೇಸ್ತ್ರಿಗೆ ಫೋನು ಮಾಡುವುದಿತ್ತಲ್ಲ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಹೇಳಿದ ಹೊತ್ತಿಗೆ ಬಂದರು. ಬಾಗಿಲಲ್ಲಿ ಭಾವ ಕೈ ಚಾಚಲಿಲ್ಲ. ಮೇಸ್ತ್ರಿಯೇ ಫೋನು ತೆಗೆದು ಮೊಮ್ಮಗಳ ಫೋಟೋ ತೋರಿಸಿದರು. ಭಾವ ಕನ್ನಡಕ ಏರಿಸಿ, ಇಳಿಸಿ, ದೂರ ಹಿಡಿದು, ಹತ್ತಿರ ತಂದು, "ಮೂಗು ನಿಮ್ಮದೇ" ಎಂದು ತೀರ್ಪು ಕೊಟ್ಟರು. ಆಮೇಲೆ ಮೇಸ್ತ್ರಿ, "ಇನ್ನು ಅರ್ಜೆಂಟಿನ ಫೋನ್ ಯಾವುದೂ ಇಲ್ಲ ಸಾರ್" ಎಂದು ತಾವಾಗಿಯೇ ಅದನ್ನು ಡಬ್ಬಿಗೆ ಹಾಕಿದರು. ಈ ಸಲ ಅಕ್ಕನನ್ನೇ ಗೋಡೆಯ ಪಕ್ಕ ನಿಲ್ಲಿಸಿ, ಅವಳ ಕೈ ಎಲ್ಲಿ ತಾನಾಗಿ ಗೋಡೆಗೆ ಊರಿತೋ ಅಲ್ಲಿ ಗುರುತು ಹಾಕಿ, ಇನ್ನೊಂದು ಕಂಬಿ ಬಿಗಿದರು. ಮೇಲಿನದನ್ನು ತೆಗೆದುಬಿಡಲೇ ಎಂದು ಕೇಳಿದರು. ತೆಗೆದರೆ ಗೋಡೆ ಮತ್ತೆ ಒಡೆಯುತ್ತದೆ, ಇರಲಿ, ಟವೆಲ್ಲು ಹಾಕಲಾದರೂ ಆಗುತ್ತದೆ ಎಂದರು ಭಾವ. ಆಚೆ ಡಬ್ಬಿಯೊಳಗೆ ಫೋನು ಗುಂಯ್‌ಗುಟ್ಟಿತು. ಭಾವನೇ ತಡೆಯಲಾರದೆ, "ಪಾಪ, ಆ ಮೆಟ್ಟಿಲಿನವರೇ ಇರ್ಬೇಕು" ಎನ್ನುತ್ತಾ ಹಳಿಯ ಹೆಜ್ಜೆಯಿಡುತ್ತಾ ಹೋಗಿ ಮುಚ್ಚಳ ತೆಗೆದರು. ಅದೇ ಕೆಲಸದ ಜೊತೆಗೆ ನಲ್ಲಿಯೂ ರಿಪೇರಿಯಾಯಿತು. ಅದಕ್ಕೆ ಬೇಕಾದ ಅರ್ಧ ಇಂಚಿನ ವಾಷರ್ ಕೋಟಿನ ಜೇಬಿನಲ್ಲೇ ಅಷ್ಟು ದಿನವೂ ಇತ್ತು.

ಈಗ ಅಕ್ಕ ಕೋಲಿಲ್ಲದೆ ಓಡಾಡುತ್ತಾಳೆ. ಕೆಲಸಗಾರರು ಹತ್ತು ನಿಮಿಷವೆಂದು ಹೇಳಿ ಒಂದು ಗಂಟೆಯಲ್ಲಿ ಬರುತ್ತಾರೆ, ಅಂದರೆ ಮನೆ ಸಭ್ಯ ಮನೆಗಳ ಸಾಲಿಗೆ ಸೇರಿದೆ. ಡಬ್ಬಿ ಅಲ್ಲೇ ಇದೆ. ಆದರೆ ಅದರ ಪಕ್ಕದಲ್ಲಿ ಭಾವ ಒಂದು ಕುರ್ಚಿ ಹಾಕಿಕೊಂಡಿದ್ದಾರೆ: ಫೋನು ಬಿಟ್ಟಿರಲಾಗದ ಕೆಲಸಗಾರ ಬಂದರೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ, ಬಂದ ಕರೆಗಳನ್ನು ಅಕ್ಷರ ಬಿಡದೆ ಒಳಗೆ ಮುಟ್ಟಿಸುತ್ತಾರೆ. ಸಲಹೆ ಕೊಡುವುದಿಲ್ಲ. ಮಾತಾಡುವಾಗ ಎಡಗೈಯನ್ನು ತೊಡೆಯ ಕೆಳಗೆ ಭದ್ರವಾಗಿ ಒತ್ತಿಟ್ಟುಕೊಂಡಿರುತ್ತಾರೆ.

ಕಳೆದ ವಾರ ಹೋಗಿದ್ದೆ. ಕೈ ತೊಳೆಯಲೆಂದು ಬಚ್ಚಲುಮನೆಯತ್ತ ಹೋದರೆ ಬಾಗಿಲು ತೆರೆದೇ ಇತ್ತು. ಭಾವ ಒಂದು ಕಾಲನ್ನೆತ್ತಿ ನಲ್ಲಿಯ ಕೆಳಗೆ ಹಿಡಿದು ತೊಳೆದುಕೊಳ್ಳುತ್ತಿದ್ದರು. ಇನ್ನೊಂದು ಕಾಲು ಸಣ್ಣಗೆ ನಡುಗುತ್ತಿತ್ತು. ಬಲಗೈ ಮೇಲಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು, ಮೈಯ ಭಾರವೆಲ್ಲ ಅದರ ಮೇಲೆ. ಅವರ ಎತ್ತರಕ್ಕೆ ಅಳೆದು ಹಾಕಿಸಿದಂತಿತ್ತು ಅದು. ನನ್ನನ್ನು ಕಂಡೊಡನೆ ಥಟ್ಟನೆ ಕೈಬಿಟ್ಟು, "ಟವೆಲ್ ತಗೋತಿದ್ದೆ" ಎಂದರು. ಟವೆಲ್ಲು ಕೆಳಗಿನ ಕಂಬಿಯ ಮೇಲಿತ್ತು. ನಾನು ಆ ಮನೆಯ ಪದ್ಧತಿಯಂತೆ, "ಟವೆಲ್ ತಗೋತಿದ್ರಿ. ಸರಿ ಭಾವ" ಎಂದು ತಿರುಗಿ ಹೇಳಿ ಹೊರಗೆ ಬಂದೆ.

ಅಡುಗೆಮನೆಯಲ್ಲಿ ಅಕ್ಕನಿಗೆ ಹೇಳಿದೆ. ಅವಳು ಕಿಟಕಿಯನ್ನು ಎತ್ತಿ, ಬೈದು, ತಳ್ಳಿ ಮುಚ್ಚುತ್ತಾ, "ಗೊತ್ತು ಬಿಡೋ" ಎಂದಳು. "ದಿನಾ ಟವೆಲ್ನ ಮೇಲಿನ ಕಂಬಿಗೇ ಹಾಕ್ತಾರೆ, ಅದು ಟವೆಲ್ ಕಂಬೀನೇ ಅಂತ ತೋರಿಸ್ಕೊಳ್ಳೋಕೆ. ನಾನು ದಿನಾ ನನ್ನ ಸ್ನಾನ ಆದ್ಮೇಲೆ, ಅವರು ಬಚ್ಚಲಿಗೆ ಹೋಗೋ ಮುಂಚೆ ಹೋಗಿ ಅದನ್ನ ತೆಗೆದು ಕೆಳಗಿನದಕ್ಕೆ ಹಾಕಿ ಬರ್ತೀನಿ. ಒದ್ದೆ ಟವೆಲ್ ಮೇಲೆ ಕೈ ಜಾರುತ್ತೆ, ನೋಡು."

ಇಂಥವರನ್ನು ನೀವೂ ಕಂಡಿರುತ್ತೀರಿ. ಲೋಕ ಹಳಿ ತಪ್ಪದಿರಲಿ ಎಂದು ಬಾಗಿಲಲ್ಲೇ ಕಾವಲು ನಿಲ್ಲುತ್ತಾರೆ, ಬಂದವರ ಮೇಲೆಲ್ಲ ಒಂದೊಂದು ಕಟ್ಟಳೆ ಹೇರುತ್ತಾರೆ, ನಮ್ಮ ನಗೆಗೂ ಸಿಡುಕಿಗೂ ಸಮಾನವಾಗಿ ಗುರಿಯಾಗುತ್ತಾರೆ. ಅವರ ಕಟ್ಟಳೆಗಳ ಕೆಳಗೆ ಇರುವುದೆಲ್ಲ ತಮ್ಮವರು ಬೀಳಬಾರದೆಂಬ ದಿಗಿಲು. ಬೀಳಬಹುದಾದವರ ಸಾಲಿನಲ್ಲಿ ತಮ್ಮನ್ನು ಮಾತ್ರ ಅವರು ಎಂದೂ ಸೇರಿಸಿಕೊಳ್ಳುವುದಿಲ್ಲ. ಅದನ್ನು ಅವರ ಮುಖಕ್ಕೆ ಹೇಳಿ, ತಿರುಗಿ ಹೇಳಿ ಎಂದು ಕೇಳಿದರೂ ಹೇಳುವವರಲ್ಲ. ಅವರ ಪಕ್ಕದಲ್ಲಿ ಬಾಳುವವರು ಒಂದು ಮಾತೂ ಆಡದೆ, ದಿನವೂ ಆ ಟವೆಲ್ಲನ್ನು ಕೆಳಗಿನ ಕಂಬಿಗೆ ಹಾಕಿ ಬರುತ್ತಿರಬೇಕು.